ವರ್ಷದ ದಿನಸಿ ಒಂದೇ ಹಡಗಿನಲ್ಲಿ: ನುನಾವುಟ್‌ಗೆ ಸೀಲಿಫ್ಟ್ ಸಾಮಾನು ತರಿಸುವ ಬಗೆ

ಕೆನಡಾದ ಉತ್ತರ ತುದಿಯ ಹಿಮನಾಡು ನುನಾವುಟ್‌ನಲ್ಲಿ ಇರುವುದು 25 ಊರು. ಒಂದೂರಿನಿಂದ ಇನ್ನೊಂದೂರಿಗೆ ರಸ್ತೆಯಿಲ್ಲ, ದಕ್ಷಿಣ ಕೆನಡಾದಿಂದ ಈ ಯಾವ ಊರಿಗೂ ರಸ್ತೆಯಿಲ್ಲ. ರಾಜಧಾನಿ ಇಕಾಲುಯಿಟ್‌ನಲ್ಲಿ ಊರಾಚೆ ಹೋಗಿ ಸುಮ್ಮನೆ ನಿಂತುಬಿಡುವ ಒಂದು ದಾರಿಗೆ ‘ಎಲ್ಲಿಗೂ ಹೋಗದ ರಸ್ತೆ’ ಎಂದೇ ಹೆಸರು. ಹಾಗಾಗಿ ಅಕ್ಕಿಯಿಂದ ಹಿಡಿದು ಬುಲ್ಡೋಜರ್‌ವರೆಗೆ ಬರುವುದೆಲ್ಲ ವಿಮಾನದಲ್ಲಿ ಬರಬೇಕು, ಇಲ್ಲವೇ ಬೇಸಿಗೆಯಲ್ಲಿ ಸಮುದ್ರದ ಹಿಮಗಡ್ಡೆ ಒಡೆದ ಮೇಲೆ ಹಡಗಿನಲ್ಲಿ ಬರಬೇಕು. ಈ ಹಡಗಿನ ಸರಬರಾಜಿಗೆ ಅಲ್ಲಿ ಎಲ್ಲರೂ ಹೇಳುವುದು ಸೀಲಿಫ್ಟ್ ಎಂದು.

ನರ್ಸು, ಮೇಷ್ಟ್ರು, ಎಂಜಿನಿಯರು ಎಂದು ಅಲ್ಲಿಗೆ ಕೆಲಸಕ್ಕೆ ಹೊರಟವರು ಮೊದಲ ವರ್ಷ ಮಾಡುವ ತಪ್ಪು ಒಂದೇ: ಅಂಗಡಿಯಿದೆಯಲ್ಲ, ಬೇಕಾದಾಗ ಕೊಂಡರಾಯಿತು ಅಂದುಕೊಳ್ಳುವುದು. ಅಂಗಡಿ ಇದೆ. ಎಲ್ಲ ಊರಲ್ಲೂ ನಾರ್ದರ್ನ್ ಅಂಗಡಿಯೋ ಕೋ-ಆಪ್ ಅಂಗಡಿಯೋ ಇದ್ದೇ ಇರುತ್ತದೆ. ಆದರೆ ತೊಗರಿಬೇಳೆ, ಸೋನಾ ಮಸೂರಿ, ಹುಣಸೆಹಣ್ಣು ಅಲ್ಲಿ ಸಿಗುತ್ತದೆಂಬ ಭರವಸೆ ಬೇಡ. ಸಿಗುವ ಭಾರದ ಸಾಮಾನಿಗೂ ವಿಮಾನದ ಬಾಡಿಗೆ ಸೇರಿ ಬೆಲೆ ಏರಿರುತ್ತದೆ. ಭಾರವಾದದ್ದು, ಕೆಡದೆ ಇರುವುದು ಹಡಗಿಗೆ. ಹಗುರವಾದದ್ದು, ಬೇಗ ಬಾಡುವುದು ವಿಮಾನಕ್ಕೆ. ಈ ಲೆಕ್ಕ ಹಿಡಿದುಕೊಂಡೇ ವರ್ಷದ ಅಡುಗೆಮನೆ ನಡೆಸಬೇಕು.

ಯಾವ ಹಡಗು, ಯಾವಾಗ

ಪೂರ್ವದ ಊರುಗಳಿಗೆ ಮುಖ್ಯವಾಗಿ ಎರಡು ಸಂಸ್ಥೆಗಳ ಹಡಗು ಓಡುತ್ತವೆ: ಎನ್ಇಎಎಸ್ ಮತ್ತು ನುನಾವುಟ್ ಸೀಲಿಂಕ್ ಆಂಡ್ ಸಪ್ಲೈ. ಎರಡೂ ಹೊರಡುವುದು ಮಾಂಟ್ರಿಯಲ್ ಸುತ್ತಮುತ್ತಲ ಬಂದರುಗಳಿಂದ. ಮೊದಲನೆಯದು ವ್ಯಾಲಿಫೀಲ್ಡ್‌ನಿಂದ, ಎರಡನೆಯದು ಸೇಂಟ್ ಕ್ಯಾಥರೀನ್‌ನಿಂದ. ಜೂನ್ ಕೊನೆಯಿಂದ ಅಕ್ಟೋಬರ್‌ವರೆಗೆ ಹಂಗಾಮು. ಇಕಾಲುಯಿಟ್‌ಗೆ ಹಲವು ಸಲ ಹಡಗು ಬರುತ್ತದೆ, ಸಣ್ಣ ಊರುಗಳಿಗೆ ಎರಡು ಮೂರು ಸಲ. ತೀರಾ ಉತ್ತರದ ಗ್ರೀಸ್ ಫ್ಯೋರ್ಡ್‌ನಂಥ ಊರಿಗೆ, 2021ರ ಜನಗಣತಿಯಂತೆ ಅಲ್ಲಿರುವವರು 144 ಜನ, ಬೇಸಿಗೆ ಮುಗಿಯುವ ಹೊತ್ತಿಗೆ ಒಂದೆರಡು ಹಡಗು ಬಂದರೆ ಅಷ್ಟೇ.

ಪಶ್ಚಿಮದ ಕೇಂಬ್ರಿಜ್ ಬೇ, ಕುಗ್ಲುಕ್ಟುಕ್ ಕಡೆ ಲೆಕ್ಕ ಬೇರೆ. ಅಲ್ಲಿಗೆ ಹೇ ರಿವರ್ ಊರಿನಿಂದ ಮೆಕೆಂಜಿ ನದಿಯಲ್ಲಿ ಬಾರ್ಜ್, ಅಂದರೆ ಚಪ್ಪಟೆ ತಳದ ಸರಕು ದೋಣಿ, ಇಳಿದು ಹೋಗುವುದೂ ಉಂಟು. 2018ರಲ್ಲಿ ಹಿಮಗಡ್ಡೆ ಅಡ್ಡ ಬಂದು ಈ ಎರಡು ಊರುಗಳಿಗೂ ಪೌಲಾಟುಕ್ ಎಂಬ ಊರಿಗೂ ಬಾರ್ಜ್ ತಲುಪಲೇ ಇಲ್ಲ, ಸಾಮಾನನ್ನು ವಿಮಾನದಲ್ಲಿ ಸಾಗಿಸಬೇಕಾಯಿತು. ಹಡಗು ಬಂದೇ ಬರುತ್ತದೆ ಎಂದು ನಂಬಿ ಮನೆಯಲ್ಲಿದ್ದ ಕೊನೆಯ ಸೇರು ಅಕ್ಕಿಯನ್ನೂ ಮುಗಿಸಿ ಕೂರಬಾರದು. ಹೊಸ ಸಾಮಾನು ಕೈಗೆ ಬರುವ ದಿನಕ್ಕೆ ಹಳೆಯದು ಆರು ವಾರಕ್ಕಾಗುವಷ್ಟಾದರೂ ಉಳಿದಿರುವ ಹಾಗೆ ನೋಡಿಕೊಳ್ಳಿ.

ಹಡಗು ಆರಿಸುವಾಗ ಮೊದಲನೆಯದನ್ನೇ ಹಿಡಿಯಿರಿ. ಕೊನೆಯ ಹಡಗಿನಲ್ಲಿ ಬಂದ ಪೆಟ್ಟಿಗೆ ಅಕ್ಟೋಬರ್‌ನಲ್ಲಿ ದಡದ ಮೇಲೆ ಎರಡು ರಾತ್ರಿ ಬಿದ್ದಿದ್ದರೂ ಸಾಕು, ಒಳಗಿನ ತೆಂಗಿನಹಾಲಿನ ಡಬ್ಬಿ ಹೆಪ್ಪುಗಟ್ಟಿ ಉಬ್ಬಿರಬಹುದು. ಮೊದಲ ಹಡಗಿಗೆ ಇನ್ನೊಂದು ಅನುಕೂಲವುಂಟು: ಏನಾದರೂ ತಪ್ಪಿಹೋಗಿದ್ದರೆ ಅದೇ ವರ್ಷ ಮುಂದಿನ ಹಡಗಿಗೆ ಹಾಕಿಸಬಹುದು.

ಕೆಲಸದ ಕ್ರಮ ಹೀಗಿರಲಿ. ಫೆಬ್ರವರಿಯಲ್ಲಿ ಮನೆಯ ದಾಸ್ತಾನು ಎಣಿಸಿ, ಏನು ಎಷ್ಟು ಖರ್ಚಾಗಿದೆ ಎಂದು ಬರೆದಿಡಿ. ವಸಂತದಲ್ಲಿ ಹಡಗಿನ ವೇಳಾಪಟ್ಟಿಯೂ ದರಪಟ್ಟಿಯೂ ಹೊರಬಿದ್ದಾಗ ಜಾಗ ಕಾದಿರಿಸಿ. ಮೇ ತಿಂಗಳಲ್ಲಿ ಪಟ್ಟಿ ಪಕ್ಕಾ ಮಾಡಿ ಖರೀದಿ ಮುಗಿಸಿ. ಹಡಗು ಹೊರಡುವ ತಾರೀಖು ಬೇರೆ, ಬಂದರಿಗೆ ಸಾಮಾನು ಒಪ್ಪಿಸಬೇಕಾದ ಕೊನೆಯ ತಾರೀಖು ಬೇರೆ. ಎರಡನೆಯದು ಎಷ್ಟೋ ದಿನ ಮೊದಲೇ ಬರುತ್ತದೆ. ಇದನ್ನು ಗಮನಿಸದೆ ಹಡಗು ತಪ್ಪಿಸಿಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ.

ಬಾಡಿಗೆಯ ಲೆಕ್ಕ

ಹಣ ಉಳಿಯುವುದೂ ಪೋಲಾಗುವುದೂ ಇಲ್ಲೇ. ಬಾಡಿಗೆಯನ್ನು ತೂಕಕ್ಕೂ ಹಾಕುತ್ತಾರೆ, ಗಾತ್ರಕ್ಕೂ ಹಾಕುತ್ತಾರೆ. 1000 ಕೆಜಿ ಅಥವಾ 2.5 ಘನ ಮೀಟರ್, ಇವೆರಡರಲ್ಲಿ ಯಾವುದರ ಲೆಕ್ಕ ಹೆಚ್ಚು ಬರುತ್ತದೋ ಅದಕ್ಕೆ ದುಡ್ಡು. ಅಂದರೆ ಒಂದು ಘನ ಮೀಟರಿಗೆ 400 ಕೆಜಿ ಎಂಬುದು ಗಡಿರೇಖೆ. ಅದಕ್ಕಿಂತ ಹಗುರವಾದ ಪೆಟ್ಟಿಗೆ ಗಾತ್ರಕ್ಕೆ ದುಡ್ಡು ತೆರುತ್ತದೆ, ಅದಕ್ಕಿಂತ ಭಾರವಾದದ್ದು ತೂಕಕ್ಕೆ.

48 ಇಂಚು ಉದ್ದ, 40 ಇಂಚು ಅಗಲ, 48 ಇಂಚು ಎತ್ತರದ ಮರದ ಕ್ರೇಟು ತೆಗೆದುಕೊಳ್ಳಿ. ಹೊರ ಅಳತೆಯಲ್ಲಿ ಅದು ಸುಮಾರು 1.5 ಘನ ಮೀಟರ್. 2.5ರಿಂದ ಭಾಗಿಸಿದರೆ 0.6. ಆ ಕ್ರೇಟಿನ ಒಟ್ಟು ತೂಕ 300 ಕೆಜಿ ಇದ್ದರೂ 600 ಕೆಜಿ ಇದ್ದರೂ ಬಾಡಿಗೆ ಒಂದೇ. ಬರೀ ಅಕ್ಕಿ ಮೂಟೆಗಳನ್ನೇ ತುಂಬಿದರೆ ಕ್ರೇಟು ಪೂರ್ತಿ ತುಂಬುವ ಮೊದಲೇ ತೂಕ ಗಡಿ ದಾಟುತ್ತದೆ. ಟಾಯ್ಲೆಟ್ ಪೇಪರು, ಡೈಪರು ಮಾತ್ರ ತುಂಬಿದರೆ ಗಾಳಿಗೆ ಬಾಡಿಗೆ ಕಟ್ಟಿದಂತೆ. ಆದ್ದರಿಂದ ಎರಡನ್ನೂ ಒಂದೇ ಕ್ರೇಟಿನಲ್ಲಿ ಬೆರೆಸಿ: ಕೆಳಗೆ ಅಕ್ಕಿ ಬೇಳೆ, ಮೇಲೆ ಪೇಪರು, ಅವಲಕ್ಕಿ, ಹಪ್ಪಳ. ಕ್ರೇಟಿನ ಮರದ ತೂಕವೂ, 50 ಕೆಜಿ ಆಸುಪಾಸು, ಲೆಕ್ಕಕ್ಕೆ ಸೇರುತ್ತದೆ. ಕನಿಷ್ಠ ಶುಲ್ಕ ಎಂಬುದೊಂದು ಇರುವುದರಿಂದ ಸಣ್ಣ ಸಣ್ಣ ಪೆಟ್ಟಿಗೆ ಬೇರೆ ಬೇರೆಯಾಗಿ ಕಳಿಸುವುದು ಯಾವತ್ತೂ ನಷ್ಟ. ನೆರೆಮನೆಯವರ ಜೊತೆ ಸೇರಿ ಒಂದು ಕ್ರೇಟು ತುಂಬಿಸಿ.

ಎಷ್ಟು ಬೇಕು

ಗಂಡ ಹೆಂಡತಿ, ಒಂದು ಮಗು ಇರುವ, ದಿನಾ ಅನ್ನ ಸಾರು ಉಣ್ಣುವ ಮನೆಗೆ ವರ್ಷಕ್ಕೆ ಒಂದು ಅಂದಾಜು: ಅಕ್ಕಿ 120 ಕೆಜಿ, ಗೋಧಿಹಿಟ್ಟು 60, ತೊಗರಿಬೇಳೆ 30, ಉದ್ದಿನಬೇಳೆ 12, ಕಡಲೆಬೇಳೆ ಮತ್ತು ಹೆಸರುಬೇಳೆ ತಲಾ 8, ರವೆ 20, ಅವಲಕ್ಕಿ 10, ಸಕ್ಕರೆ 25, ಬೆಲ್ಲ 10, ಉಪ್ಪು 10, ಹುಣಸೆಹಣ್ಣು 4, ಬ್ಯಾಡಗಿ ಮೆಣಸಿನಕಾಯಿ 4, ಕೊತ್ತಂಬರಿ ಬೀಜ 4, ಒಣಕೊಬ್ಬರಿ 8, ಹಾಲಿನಪುಡಿ 28 ಕೆಜಿ. ಎಣ್ಣೆ 36 ಲೀಟರ್. ಜೀರಿಗೆ, ಸಾಸಿವೆ, ಮೆಂತ್ಯ, ಇಂಗು ನಿಮ್ಮ ಮನೆಯ ಅಳತೆಗೆ. ಎಲ್ಲ ಸೇರಿ 400 ಕೆಜಿ ಹತ್ತಿರ. ಸೋಪು, ಪಾತ್ರೆ ತೊಳೆಯುವ ದ್ರವ, 150 ಸುರುಳಿ ಟಾಯ್ಲೆಟ್ ಪೇಪರು ಸೇರಿದರೆ ಮೇಲೆ ಹೇಳಿದ ಒಂದು ಕ್ರೇಟು ತುಂಬುತ್ತದೆ. ಗಡಿ 600 ಕೆಜಿಗೆ ಇನ್ನೂ ಜಾಗ ಉಳಿದಿದ್ದರೆ ಟೊಮೆಟೊ ಡಬ್ಬಿ, ಕಡಲೆಕಾಳು, ರಾಜ್ಮಾ ತುಂಬಿ. ಆ ಭಾರಕ್ಕೆ ಬೇರೆ ಬಾಡಿಗೆ ಇಲ್ಲ.

ಹಸಿ ತೆಂಗಿನಕಾಯಿ ಆಸೆ ಬಿಡಿ. ಒಣಕೊಬ್ಬರಿ ವರ್ಷ ತಡೆಯುತ್ತದೆ, ಚಟ್ನಿಪುಡಿಗೆ, ಸಾರಿಗೆ ಸಾಕು. ಕಾಫಿಪುಡಿಯನ್ನು ಹಡಗಿಗೆ ಹಾಕಬೇಡಿ. ಆರನೇ ತಿಂಗಳಿಗೆ ಚಿಕೋರಿಯ ಕಹಿ ಮಾತ್ರ ಉಳಿದಿರುತ್ತದೆ. ಎರಡು ತಿಂಗಳಿಗೊಮ್ಮೆ ಅಂಚೆಯಲ್ಲಿ ತರಿಸಿಕೊಳ್ಳಿ. ರಾಗಿಹಿಟ್ಟು ಬೇಗ ಕಹಿಯಾಗುತ್ತದೆ, ಅದನ್ನು ತಣ್ಣನೆ ಜಾಗದಲ್ಲಿ ಇಡುವ ಅನುಕೂಲವಿದ್ದರೆ ಮಾತ್ರ ಹೆಚ್ಚು ತರಿಸಿ.

ಕುಕ್ಕರಿನ ಗ್ಯಾಸ್ಕೆಟ್ ಎರಡು, ಸೇಫ್ಟಿ ವಾಲ್ವ್ ಎರಡು, ಮಿಕ್ಸಿ ಜಾರಿನ ಬ್ಲೇಡು ಮತ್ತು ಕಪ್ಲರ್ ಒಂದೊಂದು ಮೊದಲೇ ಕಟ್ಟಿಕೊಳ್ಳಿ. ಇವು ಕೆಟ್ಟರೆ ಅಂಗಡಿಯಲ್ಲಿ ಸಿಗುವ ವಸ್ತುಗಳಲ್ಲ. ಭಾರತದಿಂದ ತಂದ 230 ವೋಲ್ಟಿನ ಮಿಕ್ಸಿ, ಗ್ರೈಂಡರು ಕೆನಡಾದ 120 ವೋಲ್ಟಿಗೆ ನಡೆಯುವುದಿಲ್ಲ. 110 ವೋಲ್ಟಿನ ಮಾದರಿ ಕೊಳ್ಳಿ. ಮನೆಗಳಲ್ಲಿ ಹೆಚ್ಚಾಗಿ ಕರೆಂಟ್ ಒಲೆಯೇ ಇರುವುದರಿಂದ ತಳ ಸಪಾಟಾಗಿರುವ ಕುಕ್ಕರ್ ಬೇಕು.

ಖರೀದಿ ಮತ್ತು ಕ್ರೇಟು ಕಟ್ಟುವುದು

ಮಾಂಟ್ರಿಯಲ್‌ನ ಪಾರ್ಕ್ ಎಕ್ಸ್‌ಟೆನ್ಷನ್ ಕಡೆ ದಕ್ಷಿಣ ಏಷ್ಯಾದ ದಿನಸಿ ಅಂಗಡಿಗಳು ಸಾಲಾಗಿವೆ, ಬೇಳೆ ಕಾಳು ಅಲ್ಲೇ ಸಿಗುತ್ತದೆ. ನೀವೇ ಅಲ್ಲಿಗೆ ಹೋಗಲಾಗದಿದ್ದರೆ ಕನ್ಸಾಲಿಡೇಟರ್ ಎನ್ನುವವರು ಬೇಕು. ಬೇರೆ ಬೇರೆ ಅಂಗಡಿಯಿಂದ ಬಂದ ಸಾಮಾನನ್ನು ಕೂಡಿಸಿ, ಕ್ರೇಟು ಕಟ್ಟಿ, ಬಂದರಿಗೆ ಒಪ್ಪಿಸುವುದು ಅವರ ಕಸುಬು. ಅವರಿಗೆ ಕೊಡುವ ದುಡ್ಡು ದುಂದಲ್ಲ. ಅವರ ಹತ್ತಿರ ಎರಡು ವಿಷಯ ಬರಹದಲ್ಲಿ ಪಡೆಯಿರಿ: ಪ್ರತಿ ಕ್ರೇಟಿನ ಒಳಗೇನಿದೆ ಎಂಬ ಪಟ್ಟಿ, ಮತ್ತು ಮುಚ್ಚುವ ಮೊದಲು ತೆಗೆದ ಫೋಟೊ.

ಪ್ಯಾಲೆಟ್ಟಿನ ಮೇಲಿಟ್ಟು ಪ್ಲಾಸ್ಟಿಕ್ ಸುತ್ತಿದರೆ ಸಾಲದೇ, ಪ್ಲೈವುಡ್ ಕ್ರೇಟೇ ಯಾಕೆ ಎಂದು ಕೇಳುವವರಿದ್ದಾರೆ. ದಾರಿ ನೋಡಿ. ಹೆಚ್ಚಿನ ಊರುಗಳಲ್ಲಿ ಬಂದರು ಕಟ್ಟೆಯೇ ಇಲ್ಲ. ಹಡಗು ದೂರದಲ್ಲಿ ಲಂಗರು ಹಾಕುತ್ತದೆ. ತಾನೇ ಹೊತ್ತು ತಂದ ಟಗ್‌ ದೋಣಿಯನ್ನೂ ಬಾರ್ಜನ್ನೂ ನೀರಿಗಿಳಿಸಿ, ಕ್ರೇನಿನಲ್ಲಿ ಸಾಮಾನು ಬಾರ್ಜಿಗೆ ಇಳಿಸಿ, ಉಬ್ಬರ ಬಂದಾಗ ದಡಕ್ಕೆ ನೂಕುತ್ತದೆ. ಅಲ್ಲಿಂದ ಲೋಡರಿನ ಕೊಂಬು ಎತ್ತಿ ಮರಳಿನ ಮೇಲಿಡುತ್ತದೆ. ನಾಲ್ಕೈದು ಸಲ ಎತ್ತಿ ಇಳಿಸುವುದು, ಅಲೆಯ ಸಿಡಿತ, ಮಳೆ, ಆಮೇಲೆ ಕಾಗೆಯ ದೊಡ್ಡಣ್ಣನಂತಿರುವ ರೇವನ್ ಹಕ್ಕಿ. ಅದು ಪ್ಲಾಸ್ಟಿಕ್ ಹರಿದು ಒಳಗಿನದನ್ನು ಚೆಲ್ಲಾಡಲು ನಿಮಿಷ ಸಾಕು. ಇಕಾಲುಯಿಟ್‌ನಲ್ಲಿ ಮಾತ್ರ 2023ರಿಂದ ಆಳದ ಬಂದರು ಬಳಕೆಗೆ ಬಂದಿದೆ. ಅದಕ್ಕೂ ಮೊದಲು ಅಲ್ಲೂ ಇದೇ ಪಾಡು. 10 ಮೀಟರಿಗೂ ಹೆಚ್ಚು ಏರಿಳಿಯುವ ಉಬ್ಬರವಿಳಿತ ನೋಡಿಕೊಂಡೇ ಇಳಿಸಬೇಕಿತ್ತು.

ಕಟ್ಟುವಾಗ ಕ್ರೇಟಿನ ಒಳಗೆ ತಳದಿಂದ ನೆತ್ತಿಯವರೆಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಕೊನೆಗೆ ಮೇಲಿನಿಂದ ಮಡಚಿ ಟೇಪು ಹಚ್ಚಿ. ಎಣ್ಣೆ ಕ್ಯಾನುಗಳು ತಳದಲ್ಲಿ ನೆಟ್ಟಗೆ ನಿಲ್ಲಲಿ, ಒಂದೊಂದಕ್ಕೂ ಬೇರೆ ಚೀಲ. ಆಮೇಲೆ ಅಕ್ಕಿ, ಹಿಟ್ಟು, ಬೇಳೆ. ಸೋಪು, ಡಿಟರ್ಜೆಂಟು, ಅಗರಬತ್ತಿಯನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ ಅಕ್ಕಿಯಿಂದ ದೂರ ಇಡಿ. ಮುಚ್ಚಿದ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಜೊತೆಗಿದ್ದರೆ ಅಕ್ಕಿ ಸೋಪಿನ ವಾಸನೆ ಹೀರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ವರ್ಷವಿಡೀ ಸೋಪಿನ ಅನ್ನ. ಸಂದುಗಳಲ್ಲಿ ಟವೆಲು, ಬಟ್ಟೆ ತುರುಕಿ, ಒಳಗೆ ಏನೂ ಅಲುಗಾಡಬಾರದು.

ಬ್ಲೀಚು, ಸ್ಪ್ರೇ ಡಬ್ಬಿ, ಲೈಟರು, ಬಣ್ಣ, ಕ್ಯಾಂಪಿಂಗ್ ಒಲೆಯ ಗ್ಯಾಸು, ವಾಹನದ ಬ್ಯಾಟರಿ ಇವೆಲ್ಲ ಅಪಾಯದ ಸರಕು. ಇವನ್ನು ದಿನಸಿಯೊಳಗೆ ಬಚ್ಚಿಟ್ಟು ಕಳಿಸಬಾರದು. ಬೇರೆಯಾಗಿ ಕಟ್ಟಿ, ಕಾಗದಪತ್ರ ಮಾಡಿ ಘೋಷಿಸಬೇಕು. ಸಿಕ್ಕಿಬಿದ್ದರೆ ಇಡೀ ಕ್ರೇಟು ಬಂದರಿನಲ್ಲೇ ಉಳಿಯಬಹುದು. ಮದ್ಯದ ವಿಷಯದಲ್ಲಿ ಒಂದೊಂದು ಊರಿಗೆ ಒಂದೊಂದು ಕಾನೂನು. ಕೆಲವು ಊರುಗಳಲ್ಲಿ ಪೂರ್ತಿ ನಿಷೇಧ. ಕೇಳದೆ ಒಂದು ಬಾಟಲಿಯನ್ನೂ ಹಾಕಬೇಡಿ.

ಕ್ರೇಟಿನ ಕನಿಷ್ಠ ಎರಡು ಪಕ್ಕದಲ್ಲಿ ದಪ್ಪ ಮಾರ್ಕರಿನಲ್ಲಿ ಪಡೆಯುವವರ ಹೆಸರು, ಊರು, ಫೋನು, ‘3ರಲ್ಲಿ 1’ ಎಂಬಂತೆ ಸಂಖ್ಯೆ ಬರೆಯಿರಿ. ಕಾಗದದ ಲೇಬಲ್ ನೆಚ್ಚಿಕೊಳ್ಳಬೇಡಿ, ನೀರಿಗೆ ಅದು ಮೊದಲು ಹೋಗುತ್ತದೆ.

ಹಡಗು ಬಂದ ದಿನ

ತಾರೀಖು ಬರೀ ಅಂದಾಜು. ಮಂಜು, ಗಾಳಿ, ತೇಲುವ ಹಿಮಗಡ್ಡೆ ಸೇರಿದರೆ ವಾರ ತಡವಾಗಬಹುದು. ಊರಿನ ರೇಡಿಯೊ, ಫೇಸ್‌ಬುಕ್ ಗುಂಪು ಗಮನಿಸುತ್ತಿರಿ. ಹಡಗಿನವರ ಜವಾಬ್ದಾರಿ ಉಬ್ಬರದ ಗೆರೆಯ ಆಚೆ ಸಾಮಾನು ಇಡುವವರೆಗೆ ಮಾತ್ರ ಎಂದುಕೊಂಡೇ ತಯಾರಾಗಿ. ಅಲ್ಲಿಂದ ಮನೆಗೆ ಸಾಗಿಸಲು ಲೋಡರು ಅಥವಾ ಟ್ರಕ್ಕು ಯಾರ ಬಳಿ ಇದೆ ಎಂದು ಒಂದು ತಿಂಗಳು ಮೊದಲೇ ಕೇಳಿಡಿ. ಆ ದಿನ ಇಡೀ ಊರಿಗೆ ಅದೇ ವಾಹನ ಬೇಕಿರುತ್ತದೆ.

ಹಡಗು ಬಂದರೆ ಊರಿಗೆ ಜಾತ್ರೆ. ಮಕ್ಕಳು ಮುದುಕರೆಲ್ಲ ದಡಕ್ಕೆ ಬರುತ್ತಾರೆ. ಆದರೆ ಲೋಡರು ಹಿಂದಕ್ಕೆ ಬರುವಾಗ ಚಾಲಕನಿಗೆ ಹಿಂದಿನದು ಕಾಣುವುದಿಲ್ಲ. ಮಕ್ಕಳನ್ನು ಹಗ್ಗದಾಚೆಯೇ ನಿಲ್ಲಿಸಿಕೊಳ್ಳಿ.

ಕ್ರೇಟು ಕೈಗೆ ಬಂದ ಕೂಡಲೇ ಸಹಿ ಹಾಕಬೇಡಿ. ಸುತ್ತ ನೋಡಿ, ಒಡೆದಿದ್ದರೆ, ಒದ್ದೆಯಾಗಿದ್ದರೆ, ಸಂಖ್ಯೆ ಕಡಿಮೆಯಿದ್ದರೆ ರಸೀದಿಯ ಮೇಲೆಯೇ ಬರೆದು ಫೋಟೊ ತೆಗೆದು ಆಮೇಲೆ ಸಹಿ ಮಾಡಿ. ಸಹಿಯಾದ ಮೇಲೆ ಪರಿಹಾರ ಕೇಳುವುದು ಕಷ್ಟ. ಪರಿಹಾರಕ್ಕೆ ಅರ್ಜಿ ಹಾಕಲು ಎಷ್ಟು ದಿನ ಅವಕಾಶವಿದೆ ಎಂಬುದು ಸಾಗಣೆ ಕರಾರಿನಲ್ಲೇ ಇರುತ್ತದೆ, ಓದಿಕೊಳ್ಳಿ. ವಿಮೆ ಬೇರೆಯಾಗಿ ಮಾಡಿಸಿದ್ದರೆ ಒಳ್ಳೆಯದು.

ಖಾಲಿ ಕ್ರೇಟನ್ನು ಎಸೆಯಬೇಡಿ. ಮರವೇ ಬೆಳೆಯದ ನಾಡಿನಲ್ಲಿ ಪ್ಲೈವುಡ್ಡಿಗೂ ರೀಪಿಗೂ ಬೆಲೆಯುಂಟು. ನಿಮಗೆ ಬೇಡವಾದರೆ ಊರಿನ ರೇಡಿಯೊದಲ್ಲಿ ಹೇಳಿಸಿ, ಗುಡಿಸಲಿಗೋ ಕಮುಟಿಕ್ ಎನ್ನುವ ಹಿಮಗಾಡಿಗೆ ಪೆಟ್ಟಿಗೆ ಮಾಡಲೋ ಯಾರಾದರೂ ಒಯ್ಯುತ್ತಾರೆ.

ಇಟ್ಟುಕೊಳ್ಳುವುದು

ಕೆಲಸ ಒಪ್ಪಿಕೊಳ್ಳುವಾಗಲೇ ಕೇಳಬೇಕಾದ ಪ್ರಶ್ನೆ: ಕೊಡುವ ಮನೆಯಲ್ಲಿ ಬೆಚ್ಚಗಿನ ಉಗ್ರಾಣವಿದೆಯೇ? ಹೆಚ್ಚಿನ ಮನೆಗಳಿಗೆ ಮುಂದೊಂದು ತಣ್ಣನೆಯ ಪೋರ್ಚು ಇರುತ್ತದೆ, ಅಷ್ಟೇ. ಜನವರಿಯಲ್ಲಿ ಅಲ್ಲಿ ಮೈನಸ್ 25 ಇರಬಹುದು. ಅಕ್ಕಿ, ಬೇಳೆ, ಹಿಟ್ಟು, ರವೆ, ಮೆಣಸಿನಕಾಯಿ, ಒಣಕೊಬ್ಬರಿಗೆ ಇದು ವರ. ಹುಳ ಹಿಡಿಯುವುದಿಲ್ಲ, ಹಿಟ್ಟು ಕಹಿಯಾಗುವುದಿಲ್ಲ. ಎಣ್ಣೆ ಗಟ್ಟಿಯಾದರೂ ಕೆಡದು. ಗಾಜಿನ ಸೀಸೆಯ ವಿನಿಗರು, ತೆಂಗಿನಹಾಲು, ಟೊಮೆಟೊ ಡಬ್ಬಿ, ದ್ರವ ಸೋಪು, ಸಿರಪ್ಪು ಔಷಧಿ ಮಾತ್ರ ಒಳಗೇ ಇರಬೇಕು. ಮಂಚದ ಕೆಳಗಾದರೂ ಸರಿ. ಹೆಪ್ಪುಗಟ್ಟಿ ಉಬ್ಬಿದ ಡಬ್ಬಿಯ ಹೊಲಿಗೆ ಬಿಟ್ಟಿರಬಹುದು, ಅದನ್ನು ತಿನ್ನಬೇಡಿ.

ಪೋರ್ಚಿನಿಂದ ತಂದ ಹಿಟ್ಟಿನ ಚೀಲವನ್ನು ತಕ್ಷಣ ಬಿಚ್ಚಿದರೆ ಮನೆಯೊಳಗಿನ ತೇವ ಅದರ ಮೇಲೆ ಇಬ್ಬನಿಯಂತೆ ಕೂತು ಗಂಟುಗಂಟಾಗುತ್ತದೆ. ಬಾಯಿ ಕಟ್ಟಿದ ಹಾಗೆಯೇ ಒಂದು ದಿನ ಒಳಗಿಟ್ಟು, ಬೆಚ್ಚಗಾದ ಮೇಲೆ ಬಿಚ್ಚಿ. ಮಾಂಸ ಮೀನು ಪೋರ್ಚಿನಲ್ಲಿಟ್ಟರೆ ನರಿ, ನಾಯಿ, ಕೆಲವು ಊರುಗಳಲ್ಲಿ ಹಿಮಕರಡಿಯೇ ಬಾಗಿಲಿಗೆ ಬರುತ್ತದೆ.

ನೀರಿನದ್ದು ಬೇರೆ ಶಿಸ್ತು. ಹೆಚ್ಚಿನ ಮನೆಗಳಿಗೆ ನೀರು ಟ್ರಕ್ಕಿನಲ್ಲಿ ಬಂದು ಮನೆಯ ಟ್ಯಾಂಕಿಗೆ ತುಂಬುತ್ತದೆ, ಕೊಳೆನೀರನ್ನು ಇನ್ನೊಂದು ಟ್ರಕ್ಕು ಒಯ್ಯುತ್ತದೆ. ಹಿಮಗಾಳಿಗೆ ಎರಡೂ ನಿಲ್ಲುತ್ತವೆ. ಅಕ್ಕಿ ತೊಳೆದ ನೀರು ಚೆಲ್ಲದೆ ಸಾರಿಗೋ ಪಾತ್ರೆ ನೆನೆಸಲಿಕ್ಕೋ ಬಳಸಿ. 2021ರ ಅಕ್ಟೋಬರ್‌ನಲ್ಲಿ ಇಕಾಲುಯಿಟ್‌ನ ನಲ್ಲಿ ನೀರಿಗೆ ಇಂಧನ ಬೆರೆತು ಸುಮಾರು ಎರಡು ತಿಂಗಳು ಕುಡಿಯಲಾಗಲಿಲ್ಲ. ಕುಡಿಯುವ ನೀರಿನ ಕ್ಯಾನು ನಾಲ್ಕು ಸದಾ ತುಂಬಿರಲಿ.

ವಿಮಾನಕ್ಕೆ ಬಿಡಬೇಕಾದದ್ದು

ಈರುಳ್ಳಿ, ಆಲೂಗಡ್ಡೆ, ತರಕಾರಿ, ಮೊಟ್ಟೆ, ಹಾಲು ವಿಮಾನದಲ್ಲಿ ಬರುತ್ತದೆ. ನ್ಯೂಟ್ರಿಷನ್ ನಾರ್ತ್ ಎಂಬ ಸರ್ಕಾರಿ ಸಬ್ಸಿಡಿ 2011ರಿಂದ ಇದೆ. ಅದು ನಿಮ್ಮ ಕೈಗೆ ಬರುವುದಿಲ್ಲ, ನೋಂದಾಯಿತ ಅಂಗಡಿಯ ಮೂಲಕ ಬೆಲೆಯಲ್ಲಿ ಇಳಿಯುತ್ತದೆ. ಕರಿಬೇವನ್ನು ದಕ್ಷಿಣದಿಂದ ಬರುವ ಸಹೋದ್ಯೋಗಿಯ ಬ್ಯಾಗಿನಲ್ಲಿ ತರಿಸಿ, ಒಗ್ಗರಣೆಗೆ ಬೇಕಾದಷ್ಟು ಪೊಟ್ಟಣ ಮಾಡಿ ಫ್ರೀಜರಿನಲ್ಲಿಡಿ. ಮೊಸರಿಗೆ ಹೆಪ್ಪು ಸಿಗದಿದ್ದರೆ ಒಣಮೆಣಸಿನಕಾಯಿಯ ತೊಟ್ಟು ಉಗುರುಬೆಚ್ಚನೆ ಹಾಲಿಗೆ ಹಾಕುವ ಅಜ್ಜಿಯ ಉಪಾಯ ನೆನಪಿರಲಿ. ಮೊದಲ ಸಲ ಸಡಿಲವಾಗಿಯೇ ಬರುತ್ತದೆ, ಅದನ್ನೇ ಹೆಪ್ಪು ಮಾಡಿ ಎರಡನೇ ಸಲ ಹಾಕಿ. ಇಡ್ಲಿ ಹಿಟ್ಟು ಹುಳಿ ಬರಲು ಓವನ್ನಿನ ದೀಪ ಮಾತ್ರ ಹಾಕಿ ರಾತ್ರಿಯಿಡೀ ಒಳಗಿಟ್ಟರೆ ಸಾಕು.

ಊರಿನ ಜೊತೆ

ನೆರೆಯವರು ಬೇಟೆಯಿಂದ ಬಂದು ಆರ್ಕ್ಟಿಕ್ ಚಾರ್ ಮೀನನ್ನೋ ಕ್ಯಾರಿಬೂ ಮಾಂಸವನ್ನೋ ಕೊಟ್ಟರೆ ಅದು ಗೌರವ. ಸಸ್ಯಾಹಾರಿಗಳಾದರೆ ಮುಖ ಸಿಂಡರಿಸದೆ, ನಮ್ಮ ಮನೆಯಲ್ಲಿ ಮಾಂಸ ತಿನ್ನುವುದಿಲ್ಲ ಎಂದು ನೇರವಾಗಿ ಹೇಳಿ. ಯಾರೂ ತಪ್ಪು ತಿಳಿಯುವುದಿಲ್ಲ. ಬ್ಯಾಫಿನ್ ದ್ವೀಪದ ಕಡೆ ಕೃತಜ್ಞತೆಗೆ ಅಲ್ಲಿನ ಇನ್ಯುಯಿಟ್ ಜನರ ಭಾಷೆಯಲ್ಲಿ ‘ಕುಯನ್ನಮೀಕ್’ ಎನ್ನುತ್ತಾರೆ. ಚಳಿಗಾಲದ ನಡುವೆ ಅವರ ಮನೆಯಲ್ಲಿ ಸಕ್ಕರೆಯೋ ಹಿಟ್ಟೋ ಮುಗಿದಿದ್ದರೆ ನಿಮ್ಮ ಕ್ರೇಟಿನಿಂದ ಕೊಡಿ. ನಿಮ್ಮ ಸ್ನೋಮೊಬೈಲು ಕೆಟ್ಟು ನಿಂತಾಗ ಹುಡುಕಿಕೊಂಡು ಬರುವವರು ಅವರೇ.

ಹೊಸದಾಗಿ ಹೊರಟವರಿಗೆ ಇನ್ನೊಂದು ದಾರಿಯಿದೆ. ಶಾಲೆಯ ವರ್ಷ ಮುಗಿಯುವ ಮೇ, ಜೂನ್‌ನಲ್ಲಿ ಊರು ಬಿಡುವವರು ಉಳಿದ ದಾಸ್ತಾನನ್ನೂ ಫ್ರೀಜರನ್ನೂ ಊರಿನ ಫೇಸ್‌ಬುಕ್ ಗುಂಪಿನಲ್ಲಿ ಅಗ್ಗಕ್ಕೆ ಮಾರುತ್ತಾರೆ. ಆಗಸ್ಟ್‌ನಲ್ಲಿ ಕೆಲಸಕ್ಕೆ ಸೇರುವವರು ಏಪ್ರಿಲ್‌ನಲ್ಲೇ ಆ ಗುಂಪಿಗೆ ಸೇರಿ ಹಿಟ್ಟು, ಎಣ್ಣೆ, ಟಾಯ್ಲೆಟ್ ಪೇಪರು, ಫ್ರೀಜರು ಅಲ್ಲೇ ಕೊಂಡು, ಆ ವರ್ಷದ ಕ್ರೇಟಿಗೆ ಅಕ್ಕಿ ಬೇಳೆ ಮಸಾಲೆ ಮಾತ್ರ ಹಾಕಿಸಿದರೆ ಸಾಕು. ದುಡ್ಡು ಕೊಡುವ ಮೊದಲು ಡಬ್ಬಿಗಳ ತಾರೀಖು ಕಾಣುವ ಹಾಗೆ ಫೋಟೊ ಕೇಳಿ.